ಎರವಲು ತಂದ ಉಗ್ಗು

ಜನವರಿ 11

ಪ್ರೀತಿಯ ಅಕ್ಕ,

ನಾನು ಈ ನಗರಕ್ಕೆ ಬಂದು ನಲವತ್ತು ದಿನವಾಯಿತು. ಇಷ್ಟರಲ್ಲಿ ನಗರ ನನ್ನನ್ನು ಸ್ವಾಗತಿಸಬೇಕಿತ್ತು. ಕೆಲಸದ ಗಡಿಬಿಡಿಯಲ್ಲಿ ಮರೆತಿರಬೇಕು. ನನ್ನ ಕೋಣೆ ನಾಲ್ಕನೇ ಮಹಡಿಯಲ್ಲಿದೆ. ಕಟ್ಟಡಕ್ಕೆ ಲಿಫ್ಟ್ ಇಲ್ಲ. ದಿನವಿಡೀ ಊರಿನ ಲಿಫ್ಟುಗಳನ್ನು ರಿಪೇರಿ ಮಾಡಿ ಸಂಜೆ ಎಪ್ಪತ್ತೆರಡು ಮೆಟ್ಟಿಲು ಹತ್ತುವವನ ಮನಃಸ್ಥಿತಿಯನ್ನು ವರ್ಣಿಸಲು ಕವಿಯೇ ಬೇಕು. ಅದೃಷ್ಟವಶಾತ್ ಕವಿಯೂ ನಾನೇ.

ಕೆಲಸದ ಬಗ್ಗೆ ಕೇಳಿದ್ದೆಯಲ್ಲ. ಅರ್ಧ ಕೆಲಸ ಸ್ಪ್ಯಾನರಿನದು, ಇನ್ನರ್ಧ ಬಾಯಿಯದು. ಒಳಗೆ ಸಿಕ್ಕಿಕೊಂಡವರಿಗೆ ಮೇಲಿನಿಂದ "ಹೆದರ್ಬೇಡಿ, ಬಂದೆ, ಬಂದೆ" ಎನ್ನುತ್ತಲೇ ಇರಬೇಕು. ಮೊನ್ನೆ ಒಬ್ಬ ವಕೀಲರು ಇಪ್ಪತ್ತು ನಿಮಿಷಕ್ಕೇ ಧೈರ್ಯಗೆಟ್ಟು ತಮ್ಮ ಉಯಿಲನ್ನು ಬಾಯಲ್ಲೇ ಬರೆಸಲು ಹೊರಟಿದ್ದರು. ದೊಡ್ಡ ಮಗನಿಗೆ ಏನೂ ಇಲ್ಲ ಎನ್ನುವಷ್ಟರಲ್ಲಿ ಬಾಗಿಲು ತೆರೆಯಿತು. ಎದುರಿಗೆ ದೊಡ್ಡ ಮಗ.

ಮುಖ್ಯ ವಿಷಯಕ್ಕೆ ಬರುತ್ತೇನೆ. ಒಂದು ಲಿಫ್ಟಿನ ಕನ್ನಡಿಯ ಮೇಲೆ ಚೀಟಿ ಅಂಟಿಸಿದ್ದರು: "ಬಾಯ್ಬಿಡಿ ಬಳಗ. ಪದ್ಯ ಹೇಳುವವರಿಗೆ, ಕೇಳುವವರಿಗೆ. ಗುರುವಾರ ಸಂಜೆ, ಪೇಂಟ್ ಅಂಗಡಿಯ ಮೇಲೆ." ಹೋದೆ. ನಡೆಸುವವರು ಒಬ್ಬ ದಂತವೈದ್ಯೆ. ಹಗಲೆಲ್ಲ ಬಾಯಿ ತೆರೆಸಿ ಸಾಲದೆ ಸಂಜೆಯೂ ತೆರೆಸುತ್ತಾರೆ. ಅಲ್ಲಿ ಮೂರು ಕಟ್ಟಳೆ. ಕೈಯಲ್ಲಿ ಕಾಗದ ಇರಕೂಡದು. ಚಪ್ಪಾಳೆ ಕೂಡದು, ಮೆಚ್ಚಿದರೆ ಚಿಟಿಕೆ ಹೊಡೆಯಬೇಕು. ಮೂರನೆಯದು ಘೋರ: ಹೇಳುವುದು ನಿಮಗೇ ಆದದ್ದಾಗಿರಬೇಕು. ಗೋಡೆಯ ಮೇಲೆ ಸಾಲಾಗಿ ಕೊಕ್ಕೆಗಳಿವೆ, ಪ್ರತಿ ಕೊಕ್ಕೆಗೂ ಒಂದು ಟೀ ಕಪ್ಪು. ಸದಸ್ಯರಾದವರಿಗೆ ಸ್ವಂತ ಕಪ್ಪು, ಉಳಿದವರಿಗೆ ಕಾಗದದ ಲೋಟ.

ನಾನು ಲಿಫ್ಟಿನ ಮೇಲೆ ಕಟ್ಟಿದ ಪದ್ಯ ಹೇಳಿದೆ. ಒಂದೇ ಒಂದು ಚಿಟಿಕೆಯಿಲ್ಲ. ಆಮೇಲೆ ಡಾಕ್ಟರಮ್ಮ ಹಲ್ಲು ಕೀಳುವ ಮುಂಚಿನ ದನಿಯಲ್ಲಿ, "ಚೆನ್ನಾಗಿದೆ. ಆದ್ರೆ ಇದ್ರಲ್ಲಿ ನೀವೆಲ್ಲಿದ್ದೀರಿ?" ಎಂದರು. "ಲಿಫ್ಟಿನ ಮೇಲ್ಗಡೆ, ಮೇಡಂ" ಎಂದೆ. ಯಾರೂ ನಗಲಿಲ್ಲ.

ಅಕ್ಕ, ಅಲ್ಲಿ ಒಬ್ಬೊಬ್ಬರಿಗೂ ಒಂದೊಂದು ದೊಡ್ಡ ನೋವಿದೆ. ಬಸ್ ಡ್ರೈವರ್ ಒಬ್ಬನನ್ನು ಹೆಂಡತಿ ಬಿಟ್ಟುಹೋಗಿದ್ದಾಳೆ. ಅವನು ಪ್ರತಿ ವಾರವೂ ಪದ್ಯದಲ್ಲಿ ಅವಳನ್ನು ಹೊಸದಾಗಿ ಕಳುಹಿಸಿಕೊಡುತ್ತಾನೆ. ನನಗೆ ಹುಟ್ಟಿದಾಗಿನಿಂದ ಆದದ್ದು ಒಂದು ಸಲ ಕಾಮಾಲೆ. ಕಾಮಾಲೆಗೆ ಯಾರು ಚಿಟಿಕೆ ಹೊಡೆಯುತ್ತಾರೆ?

ನಲವತ್ತು ದಿನದಲ್ಲಿ ಯಾರೂ ನನ್ನನ್ನು "ಊಟ ಆಯ್ತಾ" ಎಂದು ಕೇಳಿಲ್ಲ. ಆ ಕೊಕ್ಕೆಯ ಮೇಲೆ ನನ್ನದೊಂದು ಕಪ್ಪು ತೂಗಬೇಕು, ಅಷ್ಟೇ ಆಸೆ.

ನಿನ್ನ ತಮ್ಮ


ಜನವರಿ 20

ಮಹಾಕವಿಗಳಾದ ತಮ್ಮನವರಿಗೆ,

ಕಾಮಾಲೆಯನ್ನು ಅಷ್ಟು ಹಗುರವಾಗಿ ಕಾಣಬೇಡ. ಆ ಮೂರು ವಾರ ನೀನು ಹಾಸಿಗೆಯಲ್ಲಿ ರಾಜನಂತೆ ಮಲಗಿ ನನ್ನಿಂದ ಕಾಲೊತ್ತಿಸಿಕೊಂಡಿದ್ದೀಯ. ಮಹಾಕಾವ್ಯಕ್ಕೆ ಬೇಕಾದಷ್ಟು ಸರಕಿದೆ, ನಾಯಕಿ ಮಾತ್ರ ನಾನು.

ಕಷ್ಟ ಬರಲಿಲ್ಲವೆಂದು ಅಳುವವನನ್ನು ಇದೇ ಮೊದಲು ನೋಡಿದೆ. ಬೇಕಾದರೆ ನನ್ನದರಲ್ಲಿ ಸ್ವಲ್ಪ ಪಾರ್ಸೆಲ್ ಮಾಡುತ್ತೇನೆ. ಮನೆಯಲ್ಲಿ ಜಾಗ ಖಾಲಿಯಾಗುತ್ತದೆ.

ಕನ್ನಡಕದ ಅಂಗಡಿ ಹಾಗೇ ಇದೆ. ಮುಂದೆ ಯಜಮಾನರು ಗಿರಾಕಿಗಳ ಮೂಗಿನ ಮೇಲೆ ಫ್ರೇಮು ಕೂರಿಸುತ್ತಾರೆ, ಹಿಂದಿನ ಕೋಣೆಯಲ್ಲಿ ನಾನು ಗಾಜು ಅರೆಯುತ್ತೇನೆ. ಯಂತ್ರ ಮಾಡುವ ಸದ್ದಿಗೆ ಯಾರೂ ನನ್ನನ್ನು ಮಾತಾಡಿಸುವುದಿಲ್ಲ. ಹನ್ನೊಂದು ವರ್ಷ ಈ ಕೆಲಸ ಯಾಕೆ ಬಿಡಲಿಲ್ಲವೆಂದು ಕೇಳುತ್ತಾರೆ. ಉತ್ತರ ಹೇಳಲು ನನಗೆ ಬೇಕಾಗುವಷ್ಟು ಹೊತ್ತು ಅವರಿಗಿರುವುದಿಲ್ಲ. ಮಾತು ಬೆಳ್ಳಿ, ಮೌನ ಬಂಗಾರ ಎನ್ನುವುದು ನಿಜವಾದರೆ ಇಷ್ಟು ಹೊತ್ತಿಗೆ ನಾನೊಂದು ಗಣಿ.

ಫೋನ್ ಮಾಡಲಿಲ್ಲವೆಂದು ಬೇಜಾರಾಗಬೇಡ. ನನ್ನ ಉಗ್ಗಿಗೂ ಫೋನಿಗೂ ಎಣ್ಣೆ ಸೀಗೆಕಾಯಿ ಸಂಬಂಧ ಎಂದು ನಿನಗೆ ಗೊತ್ತು. "ಹಲೋ" ದಾಟುವಷ್ಟರಲ್ಲಿ ಜನ ಇಟ್ಟುಬಿಡುತ್ತಾರೆ. ಕಾಗದದಲ್ಲಿ ನಾನು ವಾಚಾಳಿ. ಈ ಸಾಲು ಬರೆಯಲು ಎಷ್ಟು ಹೊತ್ತಾಯಿತೆಂದು ನಿನಗೆ ತಿಳಿಯುವುದೇ ಇಲ್ಲ, ನೋಡು!

ಇನ್ನೊಂದು ಸಲ ಹೋಗಿ ಪ್ರಯತ್ನಿಸು. ಊಟ ಆಯ್ತಾ?

ಅಕ್ಕ


ಫೆಬ್ರವರಿ 8

ಪ್ರೀತಿಯ ಅಕ್ಕ,

ಕಪ್ಪು ತೂಗಿತು! ಬಲಗಡೆಯಿಂದ ಮೂರನೆಯ ಕೊಕ್ಕೆ. ನೀಲಿ ಬಣ್ಣ, ಹಿಡಿಯ ಹತ್ತಿರ ಒಂದು ಸಣ್ಣ ಚೂರು ಹಾರಿದೆ. ಹೊಸ ಮನೆಯೆಂದ ಮೇಲೆ ಒಂದಾದರೂ ಬಿರುಕಿರಲಿ.

ಹೇಗಾಯಿತೆಂದರೆ, ಎರಡನೇ ಸಲ ಎದ್ದು ನಿಂತಾಗ ಒಂದು ಕಡೆ ಸಿಕ್ಕಿಕೊಂಡೆ. ಸಾಲು ಬರಲಿಲ್ಲ. ಗಂಟಲಲ್ಲಿ ಮೊದಲ ಅಕ್ಷರ ಮಾತ್ರ ಕುಣಿಯುತ್ತಿತ್ತು. ಓಡಿಹೋಗೋಣವೆಂದುಕೊಂಡೆ. ಆದರೆ ಯಾರೂ ಕೆಮ್ಮಲಿಲ್ಲ, ಯಾರೂ ಗಡಿಯಾರ ನೋಡಲಿಲ್ಲ, ಇಡೀ ಕೋಣೆ ಕಾಯಿತು. ಕೊನೆಗೆ ಸಾಲು ಬಂತು. ಚಿಟಿಕೆಗಳ ಸದ್ದು ಹೇಗಿತ್ತೆಂದರೆ ಒಣ ಕಡ್ಡಿಗೆ ಬೆಂಕಿ ಬಿದ್ದಂತೆ. ಬಸ್ ಡ್ರೈವರ್ ಬಂದು ತಬ್ಬಿಕೊಂಡ. ಡಾಕ್ಟರಮ್ಮ ಏನೋ ಕೇಳಿದರು, ನಾನೂ ಏನೋ ಹೇಳಿದೆ. ಅದೆಲ್ಲ ದೊಡ್ಡ ಕಥೆ, ಇನ್ನೊಮ್ಮೆ ಬರೆಯುತ್ತೇನೆ. ನನಗೊಂದು ಅಡ್ಡಹೆಸರೂ ಇಟ್ಟಿದ್ದಾರೆ. ಏನೆಂದು ಕೇಳಬೇಡ, ನಗುತ್ತೀಯ.

ಈಗ ಸಂಜೆ ಹೋದರೆ "ಬಂದ್ಯಾ, ಊಟ ಆಯ್ತಾ" ಎನ್ನುವವರು ಹತ್ತು ಜನ.

ಅಕ್ಕ, ಸುಮ್ಮನೆ ಕೇಳುತ್ತೇನೆ. ಅಪ್ಪ ವಾಚು ಬಿಚ್ಚಿ ಮೇಜಿನ ಮೇಲಿಟ್ಟು ನಿನ್ನಿಂದ ಗಟ್ಟಿಯಾಗಿ ಓದಿಸುತ್ತಿದ್ದರಲ್ಲ, ಅದು ದಿನವೂ ಇತ್ತೇ? ಓದಿ ಮುಗಿಸದಿದ್ದರೆ ಏನು ಮಾಡುತ್ತಿದ್ದರು? ನಾನು ಚಿಕ್ಕವನಿದ್ದೆ, ಸರಿಯಾಗಿ ನೆನಪಿಲ್ಲ. ಮಾತು ಸಿಕ್ಕಿಕೊಂಡಾಗ ಒಳಗೆ ಏನಾಗುತ್ತದೆ? ಇದನ್ನೆಲ್ಲ ನಾನು ಯಾವತ್ತೂ ಕೇಳಲೇ ಇಲ್ಲ ಎಂದು ಅನ್ನಿಸಿತು.

ನಿನ್ನ ತಮ್ಮ


ಫೆಬ್ರವರಿ 17

ತಮ್ಮಾ,

ನಿನ್ನ ಕಾಗದವನ್ನು ಅಂಗಡಿಯಲ್ಲೇ ಓದಿದೆ. ಕಣ್ಣಿಗೆ ಗಾಜಿನ ಪುಡಿ ಬಿತ್ತೆಂದು ಯಜಮಾನರಿಗೆ ಸನ್ನೆ ಮಾಡಿ ತೋರಿಸಿದೆ. ಅವರು ಗಾಬರಿಯಾಗಿ ತಾವೇ ದೀಪ ಹಿಡಿದು ಹುಡುಕಿದರು, ಪಾಪ. ಮೂವತ್ತೆಂಟು ವರ್ಷದಲ್ಲಿ ಯಾರೂ ನನ್ನನ್ನು ಒಳಗೆ ಏನಾಗುತ್ತದೆಂದು ಕೇಳಿರಲಿಲ್ಲ. ಎಲ್ಲರೂ ಕೇಳಿದ್ದು ಯಾವಾಗ ನಿಲ್ಲುತ್ತದೆಂದು.

ಹೇಳುತ್ತೇನೆ, ಕೇಳು. ದಿನವೂ ಇತ್ತು. ಒಂದು ಪುಟ, ಹತ್ತು ನಿಮಿಷ. ನಾನು ಮುಗಿಸುವವರೆಗೆ ಮನೆಯಲ್ಲಿ ಯಾರಿಗೂ ತಟ್ಟೆ ಹಾಕುವಂತಿರಲಿಲ್ಲ. ಅಪ್ಪ ಹೊಡೆಯಲಿಲ್ಲ, ಬೈಯಲಿಲ್ಲ. ವಾಚನ್ನು ನನ್ನ ಕಡೆಗೆ ತಿರುಗಿಸಿಡುತ್ತಿದ್ದರು, ಅಷ್ಟೇ. ನೀನು ಎದುರಿಗೆ ಹಸಿದು ಕೂತಿರುತ್ತಿದ್ದೆ. ಒಳಗೆ ಏನಾಗುತ್ತದೆಂದರೆ, ಮಾತು ಇರುವುದಿಲ್ಲವೆಂದಲ್ಲ, ಇರುತ್ತದೆ. ಕೀಲಿಯೂ ನನ್ನ ಕೈಯಲ್ಲೇ ಇರುತ್ತದೆ. ಬಾಗಿಲಿನ ಆ ಕಡೆ ಯಾರೋ ಬೆನ್ನು ಕೊಟ್ಟು ಕೂತಿರುತ್ತಾರೆ.

ಯಾರಿಗೂ ಹೇಳದ ಒಂದನ್ನು ನಿನಗೆ ಹೇಳುತ್ತೇನೆ. ನಮ್ಮ ಊರಿನ ಹೆಸರಿನ ಮೊದಲ ಅಕ್ಷರ ನನ್ನ ಬಾಯಿಗೆ ಬರುವುದಿಲ್ಲ. ಅದಕ್ಕೇ ಹೊರಗಿನಿಂದ ವಾಪಸು ಬರುವಾಗ ಟಿಕೆಟ್ ಕಿಟಕಿಯಲ್ಲಿ ನಮ್ಮೂರಿನಾಚೆಯ ಸ್ಟೇಷನ್ನಿನ ಹೆಸರು ಹೇಳುತ್ತೇನೆ. ಅದು ಸಲೀಸು. ಇಪ್ಪತ್ತು ವರ್ಷದಿಂದ ನಾನು ಹೋಗಬೇಕಿಲ್ಲದ ಊರಿಗೆ ಟಿಕೆಟ್ ಕೊಂಡು ನಮ್ಮೂರಿನಲ್ಲಿ ಇಳಿಯುತ್ತಿದ್ದೇನೆ. ಒಮ್ಮೆ ಟಿಕೆಟ್ ಪರೀಕ್ಷಕರು, "ಅಮ್ಮಾ, ನಿಮ್ಮೂರು ಇನ್ನೂ ಮುಂದಿದೆ" ಎಂದು ಕೈಹಿಡಿದು ಕೂರಿಸಿಬಿಟ್ಟರು. ಬಾಯಿಬಿಟ್ಟು ಅಲ್ಲವೆನ್ನುವುದಕ್ಕಿಂತ ಹೋಗುವುದೇ ಸುಲಭವೆಂದು ಹೋದೆ. ನಡೆದುಕೊಂಡು ವಾಪಸು ಬಂದೆ. ಚೆನ್ನಾಗಿದೆ ಆ ಊರು, ಒಂದು ಸಕ್ಕರೆ ಗೋದಾಮಿದೆ.

ನೀನು ಬರೆದದ್ದು ನಿಜವೇ? ನೀನು ಸಿಕ್ಕಿಕೊಂಡಾಗ ಅಷ್ಟೂ ಜನ ಕಾದರೇ? ಯಾರೂ ನಡುವೆ ಬಾಯಿ ಹಾಕಲಿಲ್ಲವೇ?

ಅಕ್ಕ


ಮಾರ್ಚ್ 15

ಅಕ್ಕ,

ಕ್ಷಮಿಸು, ತಡವಾಯಿತು. ಪುರುಸೊತ್ತಿಲ್ಲ. ಗುರುವಾರ ಸಾಲದೆಂದು ಈಗ ಶನಿವಾರವೂ ಕರೆಯುತ್ತಿದ್ದಾರೆ. ಕಾಲೇಜೊಂದರಲ್ಲಿ ಹೇಳಿದೆ, ಒಂದು ಗ್ರಂಥಾಲಯದಲ್ಲಿ ಹೇಳಿದೆ. ಯಾರೋ ವಿಡಿಯೊ ಕೂಡ ಮಾಡಿಕೊಂಡರು. ನೀನು ಅದನ್ನೆಲ್ಲ ನೋಡುವವಳಲ್ಲ, ನೋಡಲೂಬೇಡ. ಬೆಳಕು ಸರಿಯಿಲ್ಲ, ಕಪ್ಪಗೆ ಬಂದಿದ್ದೇನೆ.

ನೀನು ಬರೆದ ಕಾಗದ ಅದ್ಭುತ. ಎಷ್ಟು ಸಲ ಓದಿದೆನೋ, ಬಾಯಿಪಾಠವೇ ಆಗಿಬಿಟ್ಟಿದೆ. ಅಂಥದ್ದು ಇನ್ನೇನಾದರೂ ನೆನಪಿದ್ದರೆ ಬರೆ. ಶಾಲೆಯದು? ಕೆಲಸದ ಸಂದರ್ಶನದ್ದು? ವಿವರವಾಗಿ ಬರೆ. ನಿನಗೂ ಮನಸ್ಸು ಹಗುರಾಗುತ್ತದೆ.

ಹೌದು, ಕಾಯುತ್ತಾರೆ. ಎಷ್ಟು ಹೊತ್ತಾದರೂ ಕಾಯುತ್ತಾರೆ. ಬಾಯಿ ಹಾಕಿದವರಿಗೆ ಡಾಕ್ಟರಮ್ಮನ ಕಣ್ಣೇ ಇಂಜೆಕ್ಷನ್.

ಗಡಿಬಿಡಿಯಲ್ಲಿ,
ತಮ್ಮ


ಮಾರ್ಚ್ 24

ತಮ್ಮಾ,

ನಗಬೇಡ. ನಾನೂ ಒಂದು ಪದ್ಯ ಕಟ್ಟಿದ್ದೇನೆ.

ಪದ್ಯವೋ ಹರಟೆಯೋ, ಹೆಸರು ನೀನಿಡು. ವಾಚು, ಟಿಕೆಟ್ಟು, ಸಕ್ಕರೆ ಗೋದಾಮು, ಎಲ್ಲ ಇದೆ. ನಿನಗೆ ಬರೆದ ಮೇಲೆ ಅದು ನನ್ನೊಳಗೆ ಸುಮ್ಮನೆ ಕೂರಲಿಲ್ಲ. ದಿನಾ ಗಾಜು ಅರೆಯುವಾಗ ಯಂತ್ರದ ಸದ್ದಿನ ಮರೆಯಲ್ಲಿ ಗಟ್ಟಿಯಾಗಿ ಹೇಳುತ್ತೇನೆ. ಯಂತ್ರ ಒಳ್ಳೆಯ ಕೇಳುಗ, ಒಮ್ಮೆಯೂ ಗಡಿಯಾರ ನೋಡಿಲ್ಲ. ನಿನ್ನೆ ಯಜಮಾನರು ಯಂತ್ರ ನಿಲ್ಲಿಸಿದ್ದು ನನಗೆ ಗೊತ್ತಾಗಲಿಲ್ಲ. ಒಂದು ನಿಮಿಷ ಸದ್ದಿಲ್ಲದ ಕೋಣೆಯಲ್ಲಿ ಹೇಳುತ್ತಲೇ ಇದ್ದೆ. ತಿರುಗಿ ನೋಡಿದರೆ ಬಾಗಿಲಲ್ಲಿ ಅವರು, ಅವರ ಹಿಂದೆ ಒಂದು ಕಣ್ಣಿಗೆ ಮಾತ್ರ ಗಾಜು ಹಾಕಿಸಿಕೊಂಡ ಗಿರಾಕಿ. "ನಿಲ್ಲಿಸ್ಬೇಡಮ್ಮ, ಮುಂದೇನಾಯ್ತು?" ಎಂದ ಗಿರಾಕಿ.

ತಮ್ಮಾ, ನಾನು ಅಲ್ಲಿಗೆ ಬರುತ್ತೇನೆ. ಏಪ್ರಿಲ್‌ನ ಎರಡನೇ ಗುರುವಾರ. ಜೀವನದಲ್ಲಿ ಒಂದೇ ಒಂದು ಸಲ, ಜನ ತುಂಬಿದ ಕೋಣೆಯಲ್ಲಿ, ಶುರು ಮಾಡಿದ್ದನ್ನು ನಾನೇ ಮುಗಿಸಬೇಕು. ಹತ್ತು ನಿಮಿಷವಾಗಲಿ, ನಲವತ್ತಾಗಲಿ. ಅಂಥ ಕೋಣೆ ಇದೆಯೆಂದು ನೀನು ಬರೆಯದಿದ್ದರೆ ಈ ಹುಚ್ಚು ಹಿಡಿಯುತ್ತಲೇ ಇರಲಿಲ್ಲ. ತಪ್ಪು ನಿನ್ನದೇ.

ನಾನು ನಿನ್ನ ಅಕ್ಕನೆಂದು ಯಾರಿಗೂ ಹೇಳಬೇಡ. ಶಿಫಾರಸಿನ ಚಿಟಿಕೆ ನನಗೆ ಬೇಡ.

ಅಕ್ಕ


ಮಾರ್ಚ್ 29

ಪ್ರೀತಿಯ ಅಕ್ಕ,

ತುಂಬಾ ಸಂತೋಷ. ಆದರೆ ಏಪ್ರಿಲ್ ಬೇಡ. ಹಾಲಿಗೆ ಬಣ್ಣ ಹೊಡೆಸುತ್ತಿದ್ದಾರೆ, ವಾಸನೆ ನಿನಗೆ ಆಗುವುದಿಲ್ಲ. ಮೆಟ್ಟಿಲು ಬೇರೆ ಸಡಿಲಾಗಿದೆ, ಹೋದ ವಾರ ಒಬ್ಬರು ಜಾರಿದರು. ಡಾಕ್ಟರಮ್ಮನೂ ರಜೆಯಲ್ಲಿರುತ್ತಾರೆ. ನನ್ನನ್ನು ಆ ವಾರ ಕಂಪನಿಯವರು ತರಬೇತಿಗೆ ಹೊರಗೆ ಕಳಿಸುತ್ತಿದ್ದಾರೆ. ಅಲ್ಲದೆ ಈಗ ಹೊಸಬರಿಗೆ ಅವಕಾಶ ಕೊಡುವುದನ್ನು ಸ್ವಲ್ಪ ಕಡಿಮೆ ಮಾಡಿದ್ದಾರೆ. ಬಿಸಿಲೂ ಜಾಸ್ತಿ.

ಮಳೆಗಾಲ ಕಳೆಯಲಿ, ನಾನೇ ಬಂದು ಕರೆದುಕೊಂಡು ಹೋಗುತ್ತೇನೆ. ಖಂಡಿತ. ಅಲ್ಲಿಯವರೆಗೆ ಪದ್ಯ ನನಗೆ ಕಳಿಸು, ತಿದ್ದಿಕೊಡುತ್ತೇನೆ.

ತಮ್ಮ


ಏಪ್ರಿಲ್ 12

ತಮ್ಮಾ,

ಒಂದು ಸುಳ್ಳಿಗೆ ಒಂದು ಕಾರಣ ಸಾಕು. ನೀನು ಆರು ಕೊಟ್ಟಿದ್ದೆ. ಆದರೆ ನಾನು ಅದನ್ನು ತಪ್ಪು ತಿಳಿದುಕೊಂಡೆ. ಪಾಪ, ಅಕ್ಕ ಜನರೆದುರು ಉಗ್ಗಿ ನೋಯುತ್ತಾಳೆಂದು ಹೆದರಿದ್ದಾನೆ ಎಂದುಕೊಂಡೆ. ನೀನು ಊರಲ್ಲಿಲ್ಲದ್ದೇ ಒಳ್ಳೆಯದು, ನಿನ್ನ ಮುಖ ನೋಡದೆ ಹೇಳಬಹುದು ಎಂದೂ ಅಂದುಕೊಂಡೆ. ಹೊರಟು ಬಂದೆ.

ಹಾಲಿಗೆ ಬಣ್ಣ ಹೊಡೆದಿರಲಿಲ್ಲ. ಮೆಟ್ಟಿಲು ಕಲ್ಲಿನಂತೆ ಗಟ್ಟಿಯಾಗಿತ್ತು. ಡಾಕ್ಟರಮ್ಮ ಬಾಗಿಲಲ್ಲೇ ನಿಂತು ಕಾಗದದ ಲೋಟದಲ್ಲಿ ಟೀ ಕೊಟ್ಟರು. ನೀನು ಊರಲ್ಲಿರಲಿಲ್ಲ, ಅದೊಂದು ಮಾತ್ರ ನಿಜ.

ನಾಲ್ಕನೆಯವಳಾಗಿ ಎದ್ದೆ. ಮೊದಲ ಮಾತಿಗೇ ಸಿಕ್ಕಿಕೊಂಡೆ. ಕೋಣೆಯಲ್ಲಿ ಏನೋ ಕದಲಿತು. ನೀನು ಬರೆದ ಮೌನ ಇದೇ ಎಂದುಕೊಂಡು ಮುಂದುವರಿಸಿದೆ. ವಾಚಿನ ವಿಷಯ ಬಂದಾಗ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಟಿಕೆಟ್ ಕಿಟಕಿಗೆ ಬಂದೆ. ಹಿಂದಿನ ಸಾಲಿನಲ್ಲಿ ಯಾರೋ ನಕ್ಕರು. ಡಾಕ್ಟರಮ್ಮ ಎದ್ದು ಬಂದು ನನ್ನ ಭುಜದ ಮೇಲೆ ಕೈಯಿಟ್ಟರು. ತುಂಬಾ ಮೃದುವಾದ ಕೈ.

"ಅಮ್ಮಾ, ದಯವಿಟ್ಟು ನಿಲ್ಸಿ. ಇದು ನಮ್ಮ ಹುಡುಗಂದು. ಇಲ್ಲಿ ಅವರವರದ್ದನ್ನ ಅವರವರೇ ಹೇಳ್ಬೇಕು."

ನಾನು ಅಲ್ಲವೆಂದು ತಲೆಯಾಡಿಸಿದೆ.

"ಪದ್ಯ ಕದಿಯೋದು ಬೇರೆ," ಎಂದ ಬಸ್ ಡ್ರೈವರ್. "ಅವನ ಉಗ್ಗನ್ನೂ ಅಣಕಿಸ್ತೀರಲ್ಲ, ನಾಚಿಕೆ ಆಗಲ್ವಾ? ಆ ಹುಡುಗ ಎಷ್ಟು ಅನುಭವಿಸಿದ್ದಾನೆ ಗೊತ್ತಾ?"

ಅವನೇ ಫೋನು ತೆಗೆದು ನನ್ನ ಮುಖಕ್ಕೆ ಹಿಡಿದ. ಬೆಳಕು ಚೆನ್ನಾಗಿಯೇ ಇತ್ತು, ತಮ್ಮಾ. ನೀನು ಕಪ್ಪಗೇನೂ ಬಂದಿಲ್ಲ. ನೀನು ಉಗ್ಗುತ್ತಿದ್ದೆ. ಕತ್ತು ಎಡಕ್ಕೆ ಎಳೆದು, ಕಣ್ಣು ಮುಚ್ಚಿ, ನಾನು ಮಾಡುವ ಹಾಗೆಯೇ. "ಅಪ್ಪ ವಾಚನ್ನು ನನ್ನ ಕಡೆಗೆ ತಿರುಗಿಸಿಡುತ್ತಿದ್ದರು" ಎಂದೆ. ನನ್ನ ಕಡೆಗೆ, ಎಂದೆ. ಸಕ್ಕರೆ ಗೋದಾಮಿನ ಹತ್ತಿರ ಚಿಟಿಕೆ ಜೋರಾಯಿತು.

ನಾನು ಇವನ ಅಕ್ಕ ಎನ್ನಲು ಹೊರಟೆ. "ಅ... ಅ..." ಎನ್ನುವಷ್ಟರಲ್ಲಿ ನಿನ್ನ ಡ್ರೈವರ್, "ಅಭಿಮಾನಿನಾ?" ಎಂದ. ಕಾಯುವ ಜನ! ನನಗೆ ಸಾಕಾಗಿತ್ತು. ಹೌದೆಂದು ತಲೆಯಾಡಿಸಿದೆ.

ಎಲ್ಲರೂ ಮೆತ್ತಗಾದರು. ಒಬ್ಬಳು ನನ್ನ ಲೋಟಕ್ಕೆ ಇನ್ನಷ್ಟು ಟೀ ಹಾಕಿ, "ನಿಮ್ಮದೂ ಏನಾದ್ರೂ ಇರತ್ತೆ ಅಮ್ಮ, ಹುಡುಕ್ಕೊಳ್ಳಿ" ಎಂದಳು. ಹುಡುಕಿಕೊಳ್ಳುತ್ತೇನೆಂದು ತಲೆಯಾಡಿಸಿ ಇಳಿದು ಬಂದೆ.

ಅಕ್ಕ


ಏಪ್ರಿಲ್ 18

ಅಕ್ಕ, ನನ್ನ ಅಕ್ಕ,

ಚಪ್ಪಲಿಯಲ್ಲಿ ಹೊಡಿ. ನಾನು ಬೇಕೆಂದು ಶುರು ಮಾಡಿದ್ದಲ್ಲ. ಅವತ್ತು ನಾನು ಸಾಲು ಮರೆತಿದ್ದೆ, ಅಷ್ಟೇ. ಮೊದಲ ಅಕ್ಷರವನ್ನೇ ಹಿಡಿದು ಒದ್ದಾಡುತ್ತಿದ್ದೆ. ಅವರು ಅದನ್ನು ಉಗ್ಗು ಎಂದುಕೊಂಡರು. ಡಾಕ್ಟರಮ್ಮ ಕೈಹಿಡಿದು "ಎಷ್ಟು ವರ್ಷದಿಂದ?" ಎಂದಾಗ ನನ್ನ ಬಾಯಿಂದ "ಚಿಕ್ಕಂದಿನಿಂದ" ಎಂದು ಬಂದುಬಿಟ್ಟಿತು. ಮುಂದಿನ ವಾರ ಸಲೀಸಾಗಿ ಮಾತಾಡಿದರೆ ಕಪ್ಪು ಕೊಕ್ಕೆಯಿಂದ ಇಳಿಯುತ್ತದೆ. ಹಾಗೆ ಹೋಗುತ್ತಾ ಹೋಗುತ್ತಾ ಆಯಿತು. ಎಷ್ಟು ಕಷ್ಟವಾಯಿತು ಗೊತ್ತೇ, ಟೀ ಕೇಳುವಾಗಲೂ ಉಗ್ಗಬೇಕು! ಒಮ್ಮೆ ಲಿಫ್ಟಿನಲ್ಲಿ ಸಿಕ್ಕಿಕೊಂಡವರಿಗೂ "ಹೆ... ಹೆ... ಹೆದರ್ಬೇಡಿ" ಎಂದುಬಿಟ್ಟೆ. ಅವರು ಇನ್ನಷ್ಟು ಹೆದರಿದರು.

ಆದರೆ ಈಗ ಎಲ್ಲ ಸರಿಯಾಯಿತು. ನಿನ್ನ ಕಾಗದ ತಲುಪಿದ ದಿನವೇ ಗುರುವಾರ. ನೇರ ಹೋಗಿ ಎಲ್ಲರೆದುರು ಹೇಳಿಬಿಟ್ಟೆ. ಉಗ್ಗದೆ ಹೇಳಿದೆ. ಇದು ನನ್ನದಲ್ಲ, ನೀವು ಕೆಳಗಿಳಿಸಿದ ಆ ಹೆಂಗಸಿನದು, ಅವಳು ನನ್ನ ಅಕ್ಕ ಎಂದೆ. ಉಗಿದು ಓಡಿಸುತ್ತಾರೆಂದುಕೊಂಡಿದ್ದೆ. ಅಕ್ಕ, ನಂಬುತ್ತೀಯಾ? ಚಿಟಿಕೆಯೋ ಚಿಟಿಕೆ. ಡ್ರೈವರ್ ಮಗುವಿನಂತೆ ಅತ್ತ. ಡಾಕ್ಟರಮ್ಮ, "ಈ ಕೋಣೇಲಿ ಇಷ್ಟು ಪ್ರಾಮಾಣಿಕವಾದ ಮಾತು ನಾನು ಕೇಳೇ ಇಲ್ಲ" ಎಂದರು. ಎಲ್ಲರೂ ನನ್ನನ್ನು ಕ್ಷಮಿಸಿದ್ದಾರೆ. ಮುಂದಿನ ತಿಂಗಳಿನಿಂದ ಗುರುವಾರ ನಡೆಸುವ ಕೆಲಸ ನನಗೇ ಕೊಟ್ಟಿದ್ದಾರೆ.

ನಿನ್ನನ್ನೂ ಕರೆಯುತ್ತಿದ್ದಾರೆ. ನಾವಿಬ್ಬರೂ ಜೊತೆಯಲ್ಲಿ ನಿಲ್ಲಬೇಕಂತೆ. ನೀನು ಒಂದು ಸಾಲು, ನಾನು ಒಂದು ಸಾಲು. ನಿನಗೆ ಸಿಕ್ಕಿಕೊಂಡಲ್ಲಿ ನಾನು ಮುಂದುವರಿಸುತ್ತೇನೆ. ಬರುತ್ತೀಯಲ್ಲ?

ತಮ್ಮ


ಏಪ್ರಿಲ್ 27

ತಮ್ಮಾ,

ನನ್ನ ಕಾಲು ತುಳಿದವನನ್ನು ಪಕ್ಕದ ಮನೆಯವರೆಲ್ಲ ಸೇರಿ ಕ್ಷಮಿಸಿದರಂತೆ. ಬಹಳ ದೊಡ್ಡ ಮನಸ್ಸು.

ಅಭಿನಂದನೆಗಳು. ನಿನಗೆ ಸ್ವಂತದ್ದೊಂದು ದೊಡ್ಡ ನೋವು ಬೇಕಿತ್ತು, ಸಿಕ್ಕಿತು. ಅಕ್ಕನಿಗೆ ಮೋಸ ಮಾಡಿದ್ದು. ಇದಂತೂ ನಿನಗೇ ಆದದ್ದು, ಕಟ್ಟಳೆಗೆ ಸರಿಯಾಗಿದೆ. ಡ್ರೈವರ್ ಹೆಂಡತಿಯನ್ನು ಕಳುಹಿಸಿಕೊಟ್ಟ ಹಾಗೆ ನೀನು ನನಗೆ ವಾರವಾರವೂ ಮೋಸ ಮಾಡಬಹುದು.

ನೀನು ಕೇಳದಿದ್ದ ಒಂದನ್ನು ಈಗ ಹೇಳುತ್ತೇನೆ. ವಾಚಿನ ಕಥೆಯಲ್ಲಿ ನಿನ್ನ ಪಾಲನ್ನು ನಾನು ಬರೆದಿರಲಿಲ್ಲ, ನಿನಗೆ ನೋವಾದೀತೆಂದು. ನಾನು ಸಿಕ್ಕಿಕೊಂಡಾಗಲೆಲ್ಲ ಎದುರಿನಿಂದ ನೀನು ಆ ಮಾತನ್ನು ಹೇಳಿಬಿಡುತ್ತಿದ್ದೆ. ನಿನಗೆ ಹಸಿವು. ಅಪ್ಪ, "ಭೇಷ್, ಇವನಾದ್ರೂ ಹೇಳ್ದ" ಎಂದು ವಾಚು ಕಟ್ಟಿಕೊಳ್ಳುತ್ತಿದ್ದರು. ತಟ್ಟೆ ಬರುತ್ತಿತ್ತು. ನಾನು ಬಾಗಿಲಿನ ಹತ್ತಿರ ಬಂದಿರುತ್ತಿದ್ದೆ, ತಮ್ಮಾ. ಇನ್ನೊಂದೇ ಉಸಿರು ಸಾಕಿತ್ತು. ಆಮೇಲೆ ಅಂಗಡಿಯಲ್ಲಿ, ಬಸ್ಸಿನಲ್ಲಿ, ನೆಂಟರೆದುರು, ಎಲ್ಲ ಕಡೆ ನನ್ನ ಮಾತು ನೀನೇ ಮುಗಿಸಿದೆ. ಎಷ್ಟು ಒಳ್ಳೆಯ ತಮ್ಮ ಎಂದರು ಎಲ್ಲರೂ. ನಾನೂ ಅಂದೆ.

ನನ್ನ ಬಾಯಲ್ಲಿ ಉಳಿದಿದ್ದು ಉಗ್ಗೊಂದೇ. ಅದನ್ನೂ ನೀನೇ ತೆಗೆದುಕೊಂಡು ಹೋದೆ.

ಈಗ ಯಂತ್ರದ ಹತ್ತಿರ ಹೇಳಿಕೊಳ್ಳಲು ಬಾಯಿ ತೆರೆದರೆ ವಿಡಿಯೊದಲ್ಲಿನ ನಿನ್ನ ದನಿಯೇ ಕೇಳುತ್ತದೆ. ನಾನು ಅಣಕಿಸುತ್ತಿದ್ದೇನೆಂದು ನನಗೇ ಅನ್ನಿಸುತ್ತದೆ. ನಿಲ್ಲಿಸಿಬಿಟ್ಟೆ.

ಜೊತೆಯಲ್ಲಿ ನಿಲ್ಲಲು ಬರುವುದಿಲ್ಲ. ಒಂದೇ ಕೇಳಿಕೆ, ಈ ಕಾಗದವನ್ನು ಅಲ್ಲಿ ಹೇಳಬೇಡ.

ಅಕ್ಕ


ಜೂನ್ 2

ಪ್ರೀತಿಯ ಅಕ್ಕ,

ಎರಡು ಕಾಗದ ಹಾಕಿದೆ, ಉತ್ತರವಿಲ್ಲ. ನಿನಗೆ ಕೋಪ, ಸರಿ. ಎಷ್ಟು ದಿನ?

ಗುರುವಾರಗಳು ಚೆನ್ನಾಗಿ ನಡೆಯುತ್ತಿವೆ. ಐವತ್ತು ಜನ ಸೇರುತ್ತಾರೆ. ಹೊಸಬರು ಎದ್ದು ನಿಂತರೆ ಈಗ ನಾನೇ ಕೇಳುತ್ತೇನೆ, "ಇದ್ರಲ್ಲಿ ನೀವೆಲ್ಲಿದ್ದೀರಿ?" ಎಂದು. ಹೋದ ಗುರುವಾರ ಒಬ್ಬ ಮುದುಕ ತನ್ನ ಸೈಕಲ್ಲಿನ ಮೇಲೆ ಪದ್ಯ ಹೇಳಿದ. ಚೆನ್ನಾಗಿತ್ತು. ಯಾರೂ ಚಿಟಿಕೆ ಹೊಡೆಯಲಿಲ್ಲ, ನಾನೂ ಹೊಡೆಯಲಿಲ್ಲ. ಹೋಗುವಾಗ ಕಾಗದದ ಲೋಟವನ್ನು ಮಡಚಿ ಜೇಬಿನಲ್ಲಿಟ್ಟುಕೊಂಡು ಹೋದ.

ನೀನು ಹೇಳಬೇಡವೆಂದದ್ದನ್ನು ಹೇಳಲಿಲ್ಲ. ಒಂದೇ ಒಂದು ಸಾಲು ಮಾತ್ರ. "ನನ್ನ ಬಾಯಲ್ಲಿ ಉಳಿದಿದ್ದು ಉಗ್ಗೊಂದೇ" ಎನ್ನುವುದು. ನಿನ್ನದೆಂದು ಹೇಳಿಯೇ ಹೇಳಿದೆ. ಅಕ್ಕ, ಇಡೀ ಹಾಲು ಎದ್ದು ನಿಂತಿತು. ನಿನ್ನ ಸಾಲಿಗೆ! ನಿನಗೆ ಹೆಮ್ಮೆಯಾಗಬೇಕು.

ಇಲ್ಲಿ ಎಲ್ಲರೂ ಊಟ ಆಯ್ತಾ ಎನ್ನುತ್ತಾರೆ. ಆಯ್ತು ಎನ್ನುತ್ತೇನೆ. ಆಯಿತೋ ಇಲ್ಲವೋ ಎಂದು ಮತ್ತೆ ಯಾರೂ ಕೇಳುವುದಿಲ್ಲ. ದಯವಿಟ್ಟು ಬರೆ. ಬೈದಾದರೂ ಬರೆ. ಏನಾದರೂ ಬರೆ.

ನಿನ್ನ ತಮ್ಮ


ಜುಲೈ 30

ಚಿ. ತಮ್ಮನಿಗೆ,

ಕಾಗದಗಳು ತಲುಪಿದವು. ಇಲ್ಲಿ ನಾನು ಆರೋಗ್ಯವಾಗಿದ್ದೇನೆ. ನೀನೂ ಆರೋಗ್ಯವಾಗಿರುವೆ ಎಂದುಕೊಂಡಿದ್ದೇನೆ.

ಹೋದ ವಾರ ಎರಡು ದಿನ ಮಳೆ ಬಂತು. ಆಮೇಲೆ ನಿಂತಿತು. ಇವತ್ತು ಮೋಡವಿದೆ. ಸಂಜೆಯ ಗಾಳಿ ಪಡುವಣದಿಂದ ಬೀಸುತ್ತದೆ.

ಕನ್ನಡಕದ ಅಂಗಡಿಯ ಕೆಲಸ ಬಿಟ್ಟಿದ್ದೇನೆ. ಲಕೋಟೆಯ ಹಿಂದಿರುವ ವಿಳಾಸ ಹೊಸದು, ಊರೂ ಬೇರೆ. ವಿಶೇಷವೇನಿಲ್ಲ. ಮನೆಗೆ ಎರಡು ಕಿಟಕಿ. ನೀರು ಬೆಳಿಗ್ಗೆ ಆರರಿಂದ ಎಂಟರವರೆಗೆ ಬರುತ್ತದೆ.

ನೆರೆಯವರು ಒಳ್ಳೆಯವರು. ರಸ್ತೆ ಅಗಲವಾಗಿದೆ. ದಿನಕ್ಕೆ ನಾಲ್ಕು ಬಸ್ಸುಗಳಿವೆ.

ಬೇರೆ ಸುದ್ದಿಯಿಲ್ಲ. ಈ ಕಾಗದವನ್ನು ನೀನು ಯಾರ ಮುಂದೆ ಬೇಕಾದರೂ ಓದಬಹುದು.

ಇತಿ,
ಅಕ್ಕ